ಕರದಂಟಿನ ಪರವಾಗಿ ನನ್ನ ವಕಾಲತ್ತು

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಈ ಗಾದೆ ಕಟ್ಟಿದವನಿಗೆ ಹೆಂಡತಿ ಇರಲಿಲ್ಲ ಅಂತ ನನ್ನ ಗುಮಾನಿ. ನನಗೆ ಬಾಯಿ ಭಾಳ. ಮೂಡಲಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರ ನಾನು. ವಾದದಲ್ಲಿ ಯಾರಿಗೂ ಸೋತವನಲ್ಲ, ಗೆದ್ದು ಏನನ್ನೂ ಪಡೆದವನೂ ಅಲ್ಲ. ಸಂಜೆ ಬಸ್ಸಿಳಿದು ಗೋಕಾಕದ ಮನೆ ಸೇರಿ, ಚಹಾದ ಜೊತೆ ಅಂಟು, ಬೆಲ್ಲ, ಒಣಹಣ್ಣು ಹಾಕಿದ ನಮ್ಮೂರ ಕರದಂಟು ಒಂದು ತುಣುಕು ಬಾಯಿಗಿಟ್ಟುಕೊಂಡರೆ ನನ್ನ ದಿನ ಸಾರ್ಥಕ. ಅದಕ್ಕೂ ಕಲ್ಲು ಬಿತ್ತು. "ರಕ್ತದಾಗ ಸಕ್ಕರಿ ಗಡಿ ಮ್ಯಾಲ ನಿಂತೈತಿ, ಸಿಹಿ ಕಡಿಮಿ ಮಾಡ್ರಿ ಮಾಸ್ತರ" ಎಂದರು ಡಾಕ್ಟರು. ನನ್ನ ಹೆಂಡತಿ ಶಾಂತಾ ಅವತ್ತೇ ಕರದಂಟಿನ ಡಬ್ಬಿಯನ್ನು ದೇವರ ಜಗಲಿಯ ಮೇಲಿನ ಕಪಾಟಿಗೆ ಏರಿಸಿದಳು. ಅಲ್ಲಿಂದ ಕದ್ದರೆ ಕಳ್ಳತನದ ಜೊತೆಗೆ ಪಾಪವೂ ಸುತ್ತಿಕೊಳ್ಳುತ್ತದೆ.

ಹೀಗೆ ನಾನು ಸೊರಗುತ್ತಿದ್ದಾಗ, ಅರಭಾವಿಯಿಂದ ಬರುವ ನಮ್ಮ ವಿಜ್ಞಾನದ ಮೇಡಂ ಒಂದು ಅಸ್ತ್ರ ಕೊಟ್ಟರು. "ಕಬ್ಬಿಣಕ್ಕ ಜಂಗ ಹಿಡಿದಂಗ ನಮ್ಮ ಮೈಯಾಗೂ ಜೀವಕೋಶ ಕೆಡತಾವ್ರಿ ಸರ್. ಅದನ್ನ ತಡಿಯಾಕ ಆಂಟಿಆಕ್ಸಿಡೆಂಟ್ ಬೇಕು. ಬಣ್ಣಬಣ್ಣದ ಕಾಯಿಪಲ್ಯಾ, ಹಣ್ಣು, ತಪ್ಪಲಪಲ್ಯಾ, ಬದಾಮಿ, ಅಂಜೂರ, ಉತ್ತತ್ತಿ, ಎಲ್ಲಾದರಾಗೂ ಐತಿ." ನನ್ನ ಕಿವಿಗೆ ಬಿದ್ದದ್ದು ಕೊನೆಯ ಮೂರು ಮಾತ್ರ. ಬೆಲ್ಲದ ಬಗ್ಗೆಯೂ ಅವರು ಏನೋ ಎಚ್ಚರಿಕೆ ಹೇಳುತ್ತಿದ್ದರು, ಅಷ್ಟರಲ್ಲಿ ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದೆ.

ಶಾಂತಾ ಮೆಂತೆಪಲ್ಲೆಯ ಎಲೆ ಬಿಡಿಸಿ ಸೋಸುತ್ತ ಕುಳಿತಿದ್ದಳು. ಎದುರಿಗೆ ನಿಂತು ಶುರು ಮಾಡಿದೆ. ಬದಾಮಿಯ ಮಹಿಮೆ, ಅಂಜೂರದ ಮಹಿಮೆ, ಇವನ್ನೆಲ್ಲ ಬೆಲ್ಲದ ಪಾಕದಲ್ಲಿ ಹಿಡಿದಿಟ್ಟ ಹಿರಿಯರ ಮಹಿಮೆ. ಅವಳ ಕೈ ನಿಂತಿತು, ಕಣ್ಣು ಅರಳಿತು. ಗೆದ್ದೆನೆಂಬ ಹುಮ್ಮಸ್ಸಿನಲ್ಲಿ, "ಸುಮ್ಮನ ಕೊಡತಾರೇನ ಬಾಣಂತ್ಯಾರಿಗೆ ಅಂಟಿನ ಉಂಡಿ? ಮೈ ಗಟ್ಟಿ ಆಗಲಿ ಅಂತ!" ಎಂದೆ. ಕಾಲ ಮೇಲೆ ಚಪ್ಪಡಿ ಎಳೆದುಕೊಳ್ಳುವುದು ಅಂದರೆ ಇದೇ.

"ಛಲೋ ನೆನಪ ಮಾಡಿದ್ರಿ ನೋಡ್ರಿ!" ಎಂದಳು. "ಕಲ್ಲೋಳ್ಯಾಗ ನಮ್ಮ ತಂಗಿ ಮಗಳ ಬಾಣಂತನ ನಡದೈತಿ. ಡಬ್ಬಿ ಪೂರಾ ಅಕಿಗೆ ಕೊಟ್ಟ ಬರ್ರಿ."

"ಮತ್ತ ನನಗ? ನನ್ನ ಮೈಗೆ ಜಂಗ ಹಿಡದ್ರ?"

"ನಿಮ್ಮ ಬಾಯಿ ನೋಡಿದ್ರ ಎಲ್ಲೂ ಜಂಗ ಹಿಡದಂಗ ಕಾಣೂದಿಲ್ಲ ಬಿಡ್ರಿ. ಬೇಕಂದ್ರ ಮೆಂತೆಪಲ್ಲೆ ಐತಿ."

ಭಾನುವಾರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಶಾಂತಾ ಅರಿವೆಯಿಂದ ಬಿಗಿದ ಗಂಟು ನನ್ನ ಉಗುರಿಗೆ ಬಗ್ಗಲಿಲ್ಲ, ತುಪ್ಪದ ವಾಸನೆ ಮಾತ್ರ ಧಾರಾಳವಾಗಿ ಹೊರಗೆ ಬರುತ್ತಿತ್ತು. ಆದರೂ ಒಂದು ಆಸೆ ಇತ್ತು. ನಮ್ಮ ಕಡೆ ಬಂದವರ ಬಾಯಿ ಸಿಹಿ ಮಾಡದೆ ಯಾರು ಕಳಿಸುತ್ತಾರೆ? ಶಾಂತಾಳ ಕಣ್ಣಿಲ್ಲದ ಊರಿನಲ್ಲಿ ಒಂದು ತುಣುಕು ಸಿಕ್ಕರೆ ಸಾಕಿತ್ತು.

ಕಲ್ಲೋಳಿಯಲ್ಲಿ ಶಾಂತಾಳ ತಂಗಿ ಮಹಾದೇವಿ ಕರದಂಟನ್ನೆಲ್ಲ ತಟ್ಟೆಗೆ ಸುರಿದಳು. ಮಗಳಿಗೆ ಕೊಟ್ಟಳು, ಕೂಸು ನೋಡಲು ಬಂದಿದ್ದ ಬಾಜೂ ಮನೆಯ ಹೆಂಗಸರಿಗೆ ಕೊಟ್ಟಳು. ನನ್ನ ಮುಂದೆ ಬಂದ ತಟ್ಟೆ ಹಾಗೇ ಹಿಂದೆ ಸರಿಯಿತು. "ನಿಮಗ ಕೊಡಬಾರದಂತ ಅಕ್ಕ ಫೋನ್ ಮಾಡ್ಯಾಳ್ರಿ ಮಾಮಾ. ಆದ್ರ ಇದರ ಗುಣ ಭಾಳ ಚಂದ ಹೇಳತೀರಂತ. ಈ ಹುಡುಗಿ ಒಂದ ತುಣುಕಿಗೇ ಸಾಕಂತಾಳ, ನೀವರ ಸ್ವಲ್ಪ ತಿಳಿಸಿ ಹೇಳ್ರಿ."

ಸುಮ್ಮನಿದ್ದರೆ ತಟ್ಟೆಯಲ್ಲಿ ಅರ್ಧ ಉಳಿಯುತ್ತಿತ್ತು. ಉಳಿದದ್ದು ಯಾರೂ ನೋಡದ ಹೊತ್ತಿನಲ್ಲಿ ನನ್ನ ಕೈಗೆ ಎಟುಕುತ್ತಿತ್ತು. ಅಯ್ಯೋ, ಇದೆಲ್ಲ ನನಗೂ ಗೊತ್ತಿತ್ತು! ಆದರೆ ಎದುರಿಗೆ ಬಾಯಿ ಬಿಟ್ಟುಕೊಂಡು ಕೇಳುವ ಇಷ್ಟು ಜನ ಕುಳಿತಾಗ ಯಾವ ಮಾಸ್ತರ ಸುಮ್ಮನಿರುತ್ತಾನೆ? ಗಂಟಲು ಸರಿ ಮಾಡಿಕೊಂಡೆ. ಬದಾಮಿಗೆ ಬರುವಷ್ಟರಲ್ಲಿ ಹುಡುಗಿ ಇನ್ನೊಂದು ತುಣುಕು ಎತ್ತಿಕೊಂಡಳು. ಹಲ್ಲಿಲ್ಲದ ಅಜ್ಜಿಯೊಬ್ಬಳು ಎರಡು ತುಣುಕು ತೆಗೆದು ಸೆರಗಿಗೆ ಕಟ್ಟಿಕೊಂಡಳು. ಅಂಜೂರ ಮುಗಿಯುವುದಕ್ಕೂ ತಟ್ಟೆ ಬರಿದಾಗುವುದಕ್ಕೂ ಸರಿಹೋಯಿತು.

"ಎಷ್ಟ ಚಂದ ಹೇಳತಾರವ್ವಾ!" ಎಂದು ಬೆರಳು ನೆಕ್ಕುತ್ತ ಅಜ್ಜಿ ಅಂದಳು. "ಇನ್ನಷ್ಟ ಹೇಳ್ರಿ ಸರ."

ಹೇಳಿದೆ.