ಶಾಂತಾಬಾಯಿಯ ಕಣ್ಣು ಮತ್ತು ಎಂಟುನೂರರ ರೀಲು

ಅರೆಬರೆ ತಿಳಿದವನ ಕೈಗೆ ಒಳ್ಳೆಯ ಕ್ಯಾಮೆರಾ ಸಿಗಬಾರದು. ಏನೂ ತಿಳಿಯದವನು ಅಂಗಡಿಯವನು ಹೇಳಿದಂತೆ ಗುಂಡಿ ಒತ್ತುತ್ತಾನೆ. ಎಲ್ಲ ತಿಳಿದವನು ತಾನೇ ಸರಿಯಾಗಿ ಒತ್ತುತ್ತಾನೆ. ನನ್ನಂಥವನು ಒತ್ತುವ ಮುಂಚೆ ಭಾಷಣ ಮಾಡುತ್ತಾನೆ. ಗಡಿಯಾಚೆಯ ತೆಲಂಗಾಣ ಸೀಮೆಯ ನಾರಾಯಣಖೇಡದ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದ ಕಾಲದಲ್ಲಿ ಭಾವಮೈದುನ ಕೊಟ್ಟ ಕ್ಯಾಮೆರಾ ಒಂದು ನನ್ನ ಹೆಗಲಲ್ಲಿ ಸದಾ ತೂಗುತ್ತಿತ್ತು. ಊಟದ ಡಬ್ಬಿ ಮರೆತು ಬಂದ ದಿನಗಳುಂಟು, ಕ್ಯಾಮೆರಾ ಮರೆತ ದಿನವಿಲ್ಲ.

ನಮ್ಮ ಕಚೇರಿಯ ಅಟೆಂಡರ್ ಶಾಂತಾಬಾಯಿ ನಾಗಲಗಿದ್ದ ಎಂಬ ಊರಿನ ಕಡೆಯವರು. ನಿವೃತ್ತಿಗೆ ಹದಿನೈದು ದಿನ ಇರುವಾಗ ನನ್ನ ಮೇಜಿನ ಪಕ್ಕ ನಿಂತು ಮೆಲ್ಲಗೆ ಹೇಳಿದರು: "ಸಾಹೇಬ್ರ, ಕಣ್ಣು ತೆರೆದಿದ್ದು ನಂದೊಂದು ಫೋಟೋ ಇಲ್ಲರಿ. ಲಗ್ನದಾಗ ಮುಚ್ಚೀನಿ, ರೇಷನ್ ಕಾರ್ಡಿನ್ಯಾಗ ಮುಚ್ಚೀನಿ, ಓಟಿನ ಕಾರ್ಡಿನ್ಯಾಗೂ ಮುಚ್ಚೀನಿ. ಫಳ್ ಅಂದ ಕೂಡ್ಲೇ ತಾವೇ ಮುಚ್ತಾವ. 'ಆಯಿ, ಫೋಟೋ ತೆಗೆಯುವಾಗೆಲ್ಲ ನೀ ಮಲಗಿರ್ತೀಯೇನು?' ಅಂತ ಮೊಮ್ಮಗಳು ಕೇಳ್ತಾಳ."

"ಫ್ಲ್ಯಾಶೇ ಇಲ್ಲದಂಗ ತೆಗಿತೀನಿ, ನೋಡ್ತಿರ್ರಿ" ಎಂದೆ. ಕೇಳಿದವರು ಅವರೊಬ್ಬರೇ ಆದರೂ ಇಡೀ ಕಚೇರಿಗೆ ಕೇಳುವಂತೆಯೇ ಎಂದೆ.

ಜಹೀರಾಬಾದಿನಲ್ಲಿ ನಾನು ರೀಲು ತೊಳೆಸುತ್ತಿದ್ದ ಸ್ಟುಡಿಯೋದ ಖಾಜಾಭಾಯಿಯನ್ನು ಕೇಳಿದೆ. "ನೂರರ ರೀಲು ಬಿಸಿಲಿಗೆ, ನಾನೂರರದ್ದು ಮೋಡಕ್ಕ. ಮನಿ ಒಳಗ ಫ್ಲ್ಯಾಶ್ ಇಲ್ದ ಅಂದ್ರ ಎಂಟುನೂರರದ್ದೇ ಬೇಕು ಸಾಬ್" ಎಂದು ಹೈದರಾಬಾದಿನಿಂದ ತರಿಸಿಕೊಟ್ಟ. ಕೊಡುವಾಗ ಎರಡು ಸಲ ಹೇಳಿದ: "ಡಬ್ಬಿ ಮ್ಯಾಲೆ ಎಂಟುನೂರು ಇದ್ರೂ ಕ್ಯಾಮೆರಾದಾಗ ನಾನೂರಕ್ಕ ಇಡ್ರಿ. ಬೆಳಕು ತುಸು ಹೆಚ್ಚಾದ್ರ ನಾ ಸಂಭಾಳಿಸ್ತೀನಿ. ಕಮ್ಮಿ ಆತಂದ್ರ ನನ್ನ ಕೈಲಿ ಏನೂ ಆಗಲ್ಲ." ನಾನು ಗುರುವು ಶಿಷ್ಯನಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದೆ.

ಬೀಳ್ಕೊಡುಗೆಯ ದಿನ ಪ್ರತ್ಯೇಕ ತೆಲಂಗಾಣ ಬೇಕೆಂಬ ಮೆರವಣಿಗೆ ಇತ್ತು. ಸಿಬ್ಬಂದಿಯಲ್ಲಿ ಅರ್ಧ ಮಂದಿ ಅದರಲ್ಲೇ ಇದ್ದರು. ಅವರು ಗಂಟಲು ಕಟ್ಟಿಸಿಕೊಂಡು ವಾಪಸು ಬರುವ ಹೊತ್ತಿಗೆ ಸೂರ್ಯ ಮುಳುಗಿದ್ದ, ಕರೆಂಟೂ ಹೋಗಿತ್ತು. ಎರಡು ಮೊಂಬತ್ತಿ, ಒಂದು ಕಿಟಕಿ. ಶಾಂತಾಬಾಯಿ ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತರು. ಕಣ್ಣು ಎಷ್ಟು ಅಗಲ ತೆರೆದಿದ್ದರೆಂದರೆ ನನಗೇ ಭಯವಾಯಿತು.

ಆಗ ನನಗೆ ವಿದ್ಯೆ ನೆನಪಾಯಿತು. ಹಿಂದಿನ ತಿಂಗಳು ತಾಂಡೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವನ ಪತ್ರಿಕೆಯೊಳಗೆ ಇಣುಕಿ, ಮಂದ ಬೆಳಕಿನಲ್ಲಿ ಕ್ಯಾಮೆರಾದ ಮೇಲಿನ ರೀಲಿನ ವೇಗದ ಅಂಕಿಯನ್ನು ಏರಿಸಿದರೆ ಚಿತ್ರ ಅಲುಗಾಡುವುದಿಲ್ಲ ಎಂದು ಓದಿದ್ದೆ. ಹಾಗೆ ಏರಿಸಿದ ರೀಲನ್ನು ಹೆಚ್ಚು ಹೊತ್ತು ತೊಳೆಯಬೇಕು, ಅದನ್ನು ಲ್ಯಾಬಿನವನಿಗೆ ಮೊದಲೇ ಹೇಳಬೇಕು ಎಂಬುದು ಬಹುಶಃ ಮುಂದಿನ ಪುಟದಲ್ಲಿತ್ತು. ಪತ್ರಿಕೆಯವನು ನಡುವೆಯೇ ಇಳಿದುಹೋಗಿದ್ದ. ನಾನು ಖಾಜಾಭಾಯಿ ಹೇಳಿದ ನಾನೂರರ ಬದಲು ಸಾವಿರದ ಆರುನೂರಕ್ಕೆ ತಿರುಗಿಸಿದೆ; ಅಂದರೆ ರೀಲಿಗೆ ಬೀಳುವ ಬೆಳಕನ್ನು ಕಾಲುಭಾಗಕ್ಕೆ ಇಳಿಸಿದೆ. ಸಾಲದ್ದಕ್ಕೆ ಅವರನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದೆ.

ಪ್ರಿಂಟು ಬಂತು. ಹಾರ ಕಾಣುತ್ತಿತ್ತು. ಅದರ ಮೇಲೆ, ಮುಖ ಇರಬೇಕಾದಲ್ಲಿ, ಹುರಿದ ಹಿಟ್ಟು ಚೆಲ್ಲಿದಂತೆ ಕಂದು ಕಾಳುಕಾಳು.

"ಇದರಾಗ ನಾ ಎಲ್ಲಿದ್ದೀನ್ರಿ?" ಎಂದರು ಶಾಂತಾಬಾಯಿ.

ಹಾರದ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ತಮ್ಮ ಕಣ್ಣನ್ನು ಹುಡುಕಿದರು. ಸುತ್ತಲೂ ಇಡೀ ಕಚೇರಿ ನಿಂತಿತ್ತು. "ತೊಳೆಯೋದ್ರಾಗ ಕೆಡಿಸ್ಯಾರ. ಆ ಖಾಜಾಗ ಕೆಲಸ ಬರಂಗಿಲ್ಲ" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಯೋಚಿಸದೆಯೇ ಅಷ್ಟು ಚೊಕ್ಕ ಸುಳ್ಳು ಬಂತಲ್ಲ ಎಂಬುದೇ ಇವತ್ತಿಗೂ ನಾಚಿಕೆ.

ಎರಡು ವಾರದ ಮೇಲೆ ಶಾಂತಾಬಾಯಿ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಫೋಟೋ ಇಟ್ಟರು. ಅದರಲ್ಲಿ ಅವರ ಎರಡೂ ಕಣ್ಣು ತೆರೆದಿದ್ದವು, ಒಂದರಲ್ಲಿ ತುಸು ನಗೆಯೂ ಇತ್ತು.

"ಜಹೀರಾಬಾದಕ ಹೋಗಿ ಆ ಖಾಜಾನ್ನ ಗಿರಾಕಿ ಮುಂದನ ಬೈದು ಬಂದೆ ಸಾಹೇಬ್ರ. ಪಾಪ, ಅಂವ ನಿಮ್ಮ ರೀಲಿನ ನೆಗೆಟಿವ್ ಬೆಳಕಿಗೆ ಹಿಡಿದು ನೋಡಿದ, ನೋಡಿದ. ಆಮ್ಯಾಲೆ 'ಹೌದಮ್ಮಾ, ನಂದೇ ತಪ್ಪು' ಅಂದ. ಅಂಗಡಿ ಬಾಗಿಲದಾಗ ಸ್ಟೂಲ್ ಹಾಕಿ, ಫ್ಲ್ಯಾಶ್ ಇಲ್ದಂಗ ಇದನ್ನ ತೆಗೆದುಕೊಟ್ಟ. ನೀವು ಅವನ್ನ ಬೈಬ್ಯಾಡ್ರಿ. ತಪ್ಪು ಒಪ್ಪಿಕೊಂಡಾನ."

ಆಗಲಾದರೂ ಬಾಯಿ ಬಿಡಬಹುದಿತ್ತು. "ಆತು, ನೀವು ಹೇಳ್ತೀರಂತ ಈ ಸಲ ಬಿಡ್ತೀನಿ" ಎಂದೆ. ಅವರು ನನ್ನ ದೊಡ್ಡ ಮನಸ್ಸಿಗೆ ಕೈ ಮುಗಿದು ಹೋದರು.

ಆ ಶನಿವಾರವೇ ಖಾಜಾಭಾಯಿಯ ಎದುರು ತಪ್ಪೊಪ್ಪಿಕೊಳ್ಳಲು ಹೋದೆ. "ಬರ್ರಿ ಸಾಬ್, ಏನು ಬೇಕು?" ಎಂದ, ಎಂದಿನಂತೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಕ್ಯಾಮೆರಾಕ್ಕೆ ಒಂದು ಜೊತೆ ಸೆಲ್ ಕೊಡು ಎಂದು ಕೊಂಡು ಬಂದೆ. ಮುಂದಿನ ಶನಿವಾರ ಮತ್ತೆ ಹೋದೆ. ಅವನೊಬ್ಬನೇ ಇದ್ದ.

ಈಗ ನನ್ನ ಕಪಾಟಿನಲ್ಲಿ ಹನ್ನೊಂದು ಜೊತೆ ಸೆಲ್‌ಗಳಿವೆ.