ಭದ್ರೆ ದಾಟಿದ ಅಳಿಯ

ಬೇಸಿಗೆ ರಜೆಯನ್ನು ಕಂಡುಹಿಡಿದವನಿಗೆ ಮಕ್ಕಳಿರಲಿಲ್ಲ ಎಂಬುದು ಶಿವಮೊಗ್ಗದ ಹೊಸಮನೆ ಬಡಾವಣೆಯ ಮಲ್ಲೇಶನ ದೃಢವಾದ ನಂಬಿಕೆ. ಕೋಟೆ ರಸ್ತೆಯ ತನ್ನ ಪಾತ್ರೆ ಅಂಗಡಿಯಲ್ಲಿ ದಿನವಿಡೀ ಸ್ಟೀಲಿನ ಸದ್ದು ಕೇಳಿ ಮನೆಗೆ ಬಂದರೆ ಅಲ್ಲಿ ಅದಕ್ಕಿಂತ ದೊಡ್ಡ ಸದ್ದು ಕಾದಿರುತ್ತಿತ್ತು. ಹದಿಮೂರರ ಅಮೂಲ್ಯಳಿಗೆ ಮೊಬೈಲು ಬೇಕು. ಒಂಬತ್ತರ ಅಕ್ಷರಾಳಿಗೆ ಅಮೂಲ್ಯಳ ಕೈಯಲ್ಲಿ ಏನಿದೆಯೋ ಅದೇ ಬೇಕು. ಪರೀಕ್ಷೆ ಮುಗಿದ ಮೂರೇ ದಿನಕ್ಕೆ ಮನೆಯಲ್ಲಿ ಎರಡು ರಿಮೋಟು, ಒಂದು ಹೂದಾನಿ ಮತ್ತು ಹೆಂಡತಿ ಬಸವರಾಜೇಶ್ವರಿಯ ತಾಳ್ಮೆ ಒಡೆದುಹೋದವು.

ಶಿಬಿರಕ್ಕೆ ಸೇರಿಸೋಣವೆಂದರೆ ಶುಲ್ಕ ಕೇಳಿಯೇ ಬೆವರು ಇಳಿಯುತ್ತಿತ್ತು. ಒಂದು ಕಡೆ ಕುದುರೆ ಸವಾರಿ, ರೋಬೋಟು, ವ್ಯಕ್ತಿತ್ವ ವಿಕಸನ ಎಲ್ಲ ಸೇರಿ ಒಂದು ಮಗುವಿಗೆ ಒಂಬತ್ತು ಸಾವಿರ.

"ಅಷ್ಟು ಕೊಟ್ರೆ ಕುದುರೆನೇ ಮನೆಗೆ ಬರುತ್ತೆ ಮಾರಾಯ್ತಿ!" ಎಂದ ಮಲ್ಲೇಶ. (ಬರುವುದಿಲ್ಲ. ಆದರೆ ಸಿಟ್ಟಿಗೆದ್ದ ಗಂಡಸಿಗೆ ಮಾರುಕಟ್ಟೆ ದರ ನೆನಪಿರುವುದಿಲ್ಲ.)

ಅಂಥ ಹೊತ್ತಿನಲ್ಲಿ ಹೊಸಮನೆಯ ಮಹಿಳಾ ಸಂಘದವರು ಕೈಹಿಡಿದರು. ಮೇ ಒಂದರಿಂದ ಹದಿನೈದು ದಿನ ಶಿಬಿರ. ಚಿತ್ರ, ಹಾಡು, ಈಜು, ಮೇಲೆ ಮಧ್ಯಾಹ್ನದ ಊಟ. ಮಗುವಿಗೆ ಮುನ್ನೂರೇ ರೂಪಾಯಿ. ಷರತ್ತು ಒಂದೇ: ಪ್ರತಿ ಮನೆಯಿಂದ ದೊಡ್ಡವರೊಬ್ಬರು ಬಂದು ತಮಗೆ ಗೊತ್ತಿರುವ ವಿದ್ಯೆಯನ್ನು ಮಕ್ಕಳಿಗೆ ಕಲಿಸಬೇಕು. "ನಿಂಗೆ ರಂಗೋಲಿ ಬರುತ್ತಲ್ಲ, ಬರೆದು ಕೊಡು," ಎಂದು ಹೇಳಿ ಮಲ್ಲೇಶ ನಿಶ್ಚಿಂತೆಯಿಂದ ಅಂಗಡಿಗೆ ಹೋದ. ಅರ್ಜಿ ತುಂಬುವ ಕೆಲಸವನ್ನು ಹೆಂಡತಿಗೆ ಬಿಟ್ಟರೆ ಏನಾಗುತ್ತದೆ ಎಂಬುದು ಸಂಜೆ ನಾಲ್ಕಕ್ಕೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ತಿಳಿಯಿತು.

'ಈಜು ಕಲಿಸುವವರು: ಭದ್ರಾ ನದಿಯನ್ನು ದಡದಿಂದ ದಡಕ್ಕೆ ಈಜಿ ದಾಟಿದ ಶ್ರೀ ಮಲ್ಲೇಶ್.' ಅದರ ಕೆಳಗೆ ಇಪ್ಪತ್ತೆಂಟು ಹೆಬ್ಬೆರಳುಗಳು, ಹನ್ನೊಂದು ಜೋಡಿ ಮುಗಿದ ಕೈಗಳು.

ಇಲ್ಲಿ ಓದುಗರಿಂದ ಮುಚ್ಚಿಡುವಂಥದ್ದೇನಿಲ್ಲ. ಮಲ್ಲೇಶನಿಗೆ ಈಜು ಬರುವುದಿಲ್ಲ. ಸ್ವಲ್ಪ ಬರುತ್ತದೆ ಎಂದೂ ಹೇಳುವಂತಿಲ್ಲ. ಹದಿನಾರು ವರ್ಷದ ಹಿಂದೆ ಭದ್ರಾವತಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಶಿವಯೋಗಪ್ಪನವರು, "ಹುಡುಗನಿಗೆ ಹವ್ಯಾಸ ಏನಾದ್ರೂ ಉಂಟಾ?" ಎಂದು ಕೇಳಿದ್ದರು. ಹುಡುಗನ ಏಕೈಕ ಹವ್ಯಾಸವೆಂದರೆ ಊಟವಾದ ಮೇಲೆ ಅಡ್ಡಾಗುವುದು. ಅದನ್ನು ಹೇಳುವಂತಿರಲಿಲ್ಲ. ಆಗ ಸೋದರಮಾವ ಮುರುಗೇಶಪ್ಪ ಬಾಯಿತುಂಬ ಕೇಸರಿಬಾತ್ ಇಟ್ಟುಕೊಂಡೇ, "ಹವ್ಯಾಸನಾ? ನಿಮ್ಮೂರಿನ ಭದ್ರೆನ ಈ ದಡದಿಂದ ಆ ದಡಕ್ಕೆ ಈಜಿದಾನೆ ಕಣ್ರೀ!" ಎಂದುಬಿಟ್ಟ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಿರಿಯರ ಮಾತನ್ನು ಕಿರಿಯರು ತಿದ್ದುವ ಪದ್ಧತಿಯಿಲ್ಲ. ಮಲ್ಲೇಶ ತಲೆ ತಗ್ಗಿಸಿ ತಟ್ಟೆ ನೋಡಿದ. ನೋಡಿದವರು ಅದನ್ನು ವಿನಯ ಎಂದುಕೊಂಡರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮಲ್ಲೇಶನ ಮದುವೆಯಲ್ಲಿ ಹೇಳಿದ ಒಂಬೈನೂರ ತೊಂಬತ್ತೊಂಬತ್ತು ಸುಳ್ಳುಗಳು ಮೊದಲ ವರ್ಷವೇ ಬಯಲಾದವು. ಇದೊಂದು ಮಾತ್ರ ಉಳಿದು, ಬೆಳೆದು, ಕೊಬ್ಬಿತು. ಅಮೂಲ್ಯ ಹುಟ್ಟುವ ಹೊತ್ತಿಗೆ ಭದ್ರೆಗೆ ಪ್ರವಾಹ ಬಂದಿತ್ತು. ಅಕ್ಷರಾ ಶಾಲೆಗೆ ಸೇರುವ ಹೊತ್ತಿಗೆ ಒಂದು ಮೊಸಳೆಯೂ ಬಂದು ಸೇರಿಕೊಂಡಿತು. ಪಾಪ, ಅಕ್ಷರಾಳಿಗೆ ನೀರೆಂದರೆ ಭಯ. ಕೆರೆಯ ದಂಡೆಯಲ್ಲಿ ನಿಂತರೂ ನಡುಗುತ್ತಿದ್ದಳು. ಆಗೆಲ್ಲ ಮಲ್ಲೇಶ ಎದೆಯುಬ್ಬಿಸಿ, "ಭದ್ರೆ ದಾಟಿದವನ ಮಗಳಾಗಿ ಹೆದರುಪುಕ್ಲಿ ಆಗಿದೀಯಲ್ಲೇ!" ಎನ್ನುತ್ತಿದ್ದ. ಅವಳೋ ಅಪ್ಪನ ಸಾಹಸವನ್ನು ಇಡೀ ತರಗತಿಗೆ ಹೇಳಿ ಬಂದಿದ್ದಳು. ಈಗ ಈಜುಕೊಳದ ದಂಡೆಯಲ್ಲಿ ಅವಳ ಕಣ್ಣೆದುರಿಗೇ ಬಣ್ಣ ಬಯಲಾಗಲಿದೆ. ಮಾವನ ಮುಂದೆ ಮರ್ಯಾದೆ ಹೋದರೆ ಹೋಗಲಿ, ಮಗಳ ಮುಖ ನೋಡುವುದು ಹೇಗೆ ಎಂಬುದೇ ಮಲ್ಲೇಶನ ಚಿಂತೆ.

"ಏನೇ ಇದು?" ಎಂದು ಮನೆಗೆ ಬಂದವನೇ ಮೊಬೈಲು ತೋರಿಸಿದ.

"ಏನಿದೆ? ನಿಮಗೆ ಬರೋದನ್ನೇ ಬರೆದಿದೀನಿ," ಎಂದಳು ಬಸವರಾಜೇಶ್ವರಿ, ಚಪಾತಿಯಿಂದ ಕಣ್ಣು ತೆಗೆಯದೆ.

"ರಂಗೋಲಿ ಅಂದಿದ್ನಲ್ಲ!"

"ರಂಗೋಲಿಗೆ ಆಗಲೇ ಐದು ಜನ ಇದಾರೆ. ಈಜಿಗೆ ಒಬ್ರೂ ಇಲ್ಲ."

"ನಂಗೆ ಸೊಂಟ ನೋವು ರಾಜಿ."

"ಈಜಿದ್ರೆ ಸೊಂಟ ಸರಿಹೋಗುತ್ತಂತೆ."

"ಅಂಗಡಿ ಯಾರು ನೋಡ್ತಾರೆ?"

"ನಾನು ಕೂರ್ತೀನಿ. ಹೋದ ವರ್ಷ ನಿಮಗೆ ಜ್ವರ ಬಂದಾಗ ಕೂತಿದ್ನಲ್ಲ. ವ್ಯಾಪಾರ ಜಾಸ್ತಿನೇ ಆಗಿತ್ತು."

ಅಷ್ಟರಲ್ಲಿ ಅಕ್ಷರಾ ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು. "ಅಪ್ಪಾ, ಮೊಸಳೆ ಬಂದಾಗ ಹೆಂಗೆ ತಪ್ಪಿಸ್ಕೊಂಡೆ ಅಂತ ನೀರಲ್ಲೇ ಮಾಡಿ ತೋರಿಸ್ಬೇಕು. ನನ್ನ ಫ್ರೆಂಡ್ಸ್ ಎಲ್ಲಾ ಬರ್ತಾರೆ!"

ಶಿಬಿರಕ್ಕೆ ಉಳಿದದ್ದು ಹದಿನೆಂಟು ದಿನ. ಮರುದಿನ ಮಧ್ಯಾಹ್ನ ಅಂಗಡಿಯ ಶಟರು ಎಳೆದು, ಸ್ಟೂಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಮೊಬೈಲಿನ ವಿಡಿಯೋ ನೋಡಿಕೊಂಡು ಮಲ್ಲೇಶ ಕೈಕಾಲು ಆಡಿಸಿದ. ಮೂರನೆಯ ಬೀಸಿಗೆ ಟಿಫಿನ್ ಡಬ್ಬಿಗಳ ಗೋಪುರ ಮೈಮೇಲೆ ಬಿತ್ತು. ನೆಲದ ಮೇಲೆಯೇ ಮುಳುಗಿದ ಮೊದಲ ಈಜುಗಾರ ತಾನಿರಬೇಕು ಎನಿಸಿತು ಅವನಿಗೆ.

ಭದ್ರಾವತಿಯಲ್ಲಿ ಯಾವುದೋ ಸಂಘದವರು ಅಗ್ಗದಲ್ಲಿ ಬೇಸಿಗೆ ಈಜು ಕಲಿಸುತ್ತಾರೆಂದು ಗಿರಾಕಿಯೊಬ್ಬರ ಬಾಯಲ್ಲಿ ಕೇಳಿದ್ದೇ ತಡ, ಮಲ್ಲೇಶ ಮನೆಯಲ್ಲಿ, "ಭದ್ರಾವತಿಲಿ ಹೊಸ ಹೋಲ್‌ಸೇಲ್‌ನವರು ಬಂದಿದಾರೆ, ಬೆಳಿಗ್ಗೆ ಬೆಳಿಗ್ಗೆನೇ ಸಿಗ್ತಾರೆ," ಎಂದು ಘೋಷಿಸಿ ಆರು ಗಂಟೆಯ ಬಸ್ಸು ಹತ್ತಿದ. ಶಿವಮೊಗ್ಗದಲ್ಲಾದರೆ ಗುರುತಿನವರು ಸಾವಿರ ಮಂದಿ. ಭದ್ರಾವತಿಯಲ್ಲಿ ಅತ್ತೆ ಮಾವ ಇಬ್ಬರೇ.

ಕಲಿಸುವವಳು ಸ್ಫೂರ್ತಿ ಎಂಬ ಇಪ್ಪತ್ತೆರಡರ ಹುಡುಗಿ. ಕೊರಳಲ್ಲಿ ಸೀಟಿ, ಕೈಯಲ್ಲಿ ಹಾಜರಿ ಪುಸ್ತಕ.

"ಹೇಳಿ ಸರ್, ಮಗು ಎಲ್ಲಿ?"

ಮಲ್ಲೇಶ ಹಿಂದೆ ಮುಂದೆ ನೋಡಿದ. "ಮಗು... ನಾನೇ."

ದೊಡ್ಡವರ ಗುಂಪಿಗೆ ಸೇರಲು ಅಷ್ಟಿಷ್ಟಾದರೂ ಈಜು ಬರಬೇಕಿತ್ತು. ಹಾಗಾಗಿ ಮಹಾಶಯನಿಗೆ ಸಣ್ಣ ಮಕ್ಕಳ ಸಾಲಿನಲ್ಲೇ ಜಾಗ ಸಿಕ್ಕಿತು. ಏಳು ವರ್ಷದ ಆರು ಮಕ್ಕಳು, ನಲವತ್ತನಾಲ್ಕು ವರ್ಷದ ಒಬ್ಬ ಮಲ್ಲೇಶ, ಎಲ್ಲರ ಸೊಂಟಕ್ಕೂ ಗಾಳಿ ತುಂಬಿದ ಕಿತ್ತಳೆ ಬಣ್ಣದ ರಬ್ಬರ್ ಬಳೆ. ಪೂಜಿತಾ ಎಂಬ ಹುಡುಗಿ ಮೊದಲ ದಿನವೇ ಅವನ ಜವಾಬ್ದಾರಿ ವಹಿಸಿಕೊಂಡಳು. "ಅಂಕಲ್, ಬಾಯಿ ಮುಚ್ಕೊಳ್ಳಿ. ನೀರು ಕುಡೀಬೇಡಿ, ಚಂದ್ರು ಅದ್ರಲ್ಲೇ ಉಚ್ಚೆ ಹೊಯ್ತಾನೆ." ಆ ಒಂದು ಮಾತಿನಿಂದ ಮಲ್ಲೇಶ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತಷ್ಟು ಬೇಗ ಮದುವೆಯಾದ ಮೇಲೂ ಕಲಿತಿರಲಿಲ್ಲ.

ಎರಡು ವಾರದಲ್ಲಿ ಅವನು ಕಂಬಿ ಹಿಡಿದು ಕಾಲು ಬಡಿಯಲು ಕಲಿತ. ಬಳೆ ಹಾಕಿಕೊಂಡು ಕೊಳವನ್ನು ಅಡ್ಡಡ್ಡ ದಾಟಿದ ದಿನ ಎಷ್ಟು ಖುಷಿಯಾಯಿತೆಂದರೆ ಬಸ್ಸಿನ ಕಂಡಕ್ಟರನಿಗೆ, "ಇವತ್ತು ಕಾಲು ಚೆನ್ನಾಗಿ ಆಡ್ತು ಮಾರಾಯ," ಎಂದು ತಾನಾಗಿ ಹೇಳಿದ. ಕಂಡಕ್ಟರ್ ಅವನ ಕಾಲನ್ನು ನೋಡಿ, ಪಾಪ ಏನು ಕಾಯಿಲೆಯೋ ಎಂದು, ಮುಂದಿನ ಸೀಟು ಬಿಡಿಸಿಕೊಟ್ಟ.

ಕೊನೆಯ ಭಾನುವಾರ ಸಮಾರೋಪ, ಪ್ರದರ್ಶನ. ಮಲ್ಲೇಶ ಬರುವುದಿಲ್ಲ ಎಂದ. ಪೂಜಿತಾ ಅತ್ತಳು. ಬರುತ್ತೇನೆ ಎಂದ. ಭಾನುವಾರ ಬೆಳಿಗ್ಗೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಆರು ಮಕ್ಕಳ ಜೊತೆ ನೀರಿನಲ್ಲಿ ಸಾಲಾಗಿ ತೇಲುತ್ತಿದ್ದಾಗ ಮೈಕು ಗರ್ಜಿಸಿತು: "ಇಂದಿನ ಮುಖ್ಯ ಅತಿಥಿಗಳು, ನಮ್ಮ ಬಡಾವಣೆಯ ಹಿರಿಯರು, ಕಾರ್ಖಾನೆಯ ನಿವೃತ್ತ ನೌಕರರಾದ ಶ್ರೀ ಶಿವಯೋಗಪ್ಪನವರು!"

ಶಾಲು ಹೊದ್ದು ಮಾವ ಬಂದರು. ಅವರ ಹಿಂದೆ, ಸಮಾರಂಭ ನೋಡಲೆಂದು ಅವರೇ ಕರೆಸಿಕೊಂಡಿದ್ದ ಬಸವರಾಜೇಶ್ವರಿ, ಅಮೂಲ್ಯ, ಅಕ್ಷರಾ.

ಮಲ್ಲೇಶ ಮುಂದೆ ಹಿಂದೆ ಯೋಚಿಸದೆ ನೀರಿನೊಳಗೆ ಮುಳುಗಿದ. ಅವನು ಕೆಳಗೆ ಹೋದ, ಬಳೆ ಮೇಲೆ ಹೋಯಿತು. ಮೂಗಿಗೆ ನೀರು, ಕಿವಿಗೆ ನೀರು, ಕಣ್ಣೆದುರಿಗೆ ಕುಲದೇವರು. "ಹೋದೆ! ಹಿಡೀರಿ! ರಾಜೀ!" ಎಂದು ಕೂಗುತ್ತ ಕೊಳವನ್ನೆಲ್ಲ ಕಡೆದು ಮಜ್ಜಿಗೆ ಮಾಡಿದ.

"ಸರ್," ಎಂದಳು ಸ್ಫೂರ್ತಿ ದಂಡೆಯಿಂದ, "ಎದ್ದು ನಿಂತ್ಕೊಳ್ಳಿ."

ಎದ್ದು ನಿಂತ. ನೀರು ಅವನ ಸೊಂಟದವರೆಗಿತ್ತು.

ಸಭೆ ಬಿದ್ದು ಬಿದ್ದು ನಕ್ಕಿತು. ನಗದೆ ನಿಂತವಳು ಅಕ್ಷರಾ ಒಬ್ಬಳೇ. "ಅಪ್ಪಾ?" ಎಂದಳು.

ಮಲ್ಲೇಶನಿಗೆ ಇನ್ನೊಂದು ಸುಳ್ಳು ನಾಲಿಗೆಯ ತುದಿಯವರೆಗೆ ಬಂತು. ಮಗಳ ಮುಖ ನೋಡಿ ನುಂಗಿದ. "ನಂಗೆ ಈಜು ಬರಲ್ಲ ಪುಟ್ಟಿ. ಭದ್ರೆ ದಾಟಿಲ್ಲ. ಮೊಸಳೆನೂ ಸುಳ್ಳು. ನಂಗೂ ನೀರಂದ್ರೆ ಭಯ."

"ಮತ್ತೆ ನಂಗ್ಯಾಕೆ ಬೈತಿದ್ದೆ?"

ನಾಚಿಕೆಯಿಂದ ಅವನ ಕಣ್ಣು ತುಂಬಿತು. ನೀರಲ್ಲಿ ನೆನೆದಿದ್ದರಿಂದ ಯಾರಿಗೂ ತಿಳಿಯಲಿಲ್ಲ, ಅಷ್ಟು ಪುಣ್ಯ.

ಅಕ್ಷರಾ ದಂಡೆಯ ಅಂಚಿಗೆ ಬಂದಳು. "ಭಯ ಆದ್ರೂ ಇಳಿದ್ಯಾ?"

"ಇಳಿದೆ."

ಅವಳು ಚಪ್ಪಲಿ ಬಿಟ್ಟು, ದಂಡೆಯ ಮೇಲೆ ಕೂತು, ಎರಡೂ ಪಾದ ನೀರಿಗಿಟ್ಟಳು. "ಇವತ್ತಿಗೆ ಇಷ್ಟೇ," ಎಂದಳು.

ಬಸವರಾಜೇಶ್ವರಿ ಟವೆಲು ಕೊಟ್ಟಳು. "ಎರಡು ವಾರದಿಂದ ಟವೆಲಿಗೆ ಕ್ಲೋರಿನ್ ವಾಸನೆ. ಯಾವ ಪಾತ್ರೆಗೆ ಹಾಕ್ತಾರ್ರೀ ಕ್ಲೋರಿನ್ನು?"

"ನಿಂಗೆ ಗೊತ್ತಿತ್ತಾ?"

"ಮದುವೆ ಆದ ವರ್ಷನೇ ಗೊತ್ತಾಯ್ತು. ಕೂಡ್ಲಿ ಸಂಗಮದಲ್ಲಿ ಎಲ್ರೂ ನದಿಗೆ ಇಳಿದ್ರೆ ನೀವು ಮೆಟ್ಟಿಲ ಮೇಲೆ ಕೂತು ಚೊಂಬಲ್ಲಿ ನೀರು ಹುಯ್ಕೊಂಡ್ರಿ. ಈಗ ಮಗೂನ ದಿನಾ ಹೆದರುಪುಕ್ಲಿ ಅಂತಿದ್ರಲ್ಲ, ಒಂದ್ಸಲ ತಾವೇ ಇಳಿದು ನೋಡ್ಲಿ ಅಂತ ಬರೆದೆ."

ಮಲ್ಲೇಶ ಮಾವನ ಕಡೆಗೆ ಕೈಮುಗಿದ. "ತಪ್ಪಾಯ್ತು ಮಾವ. ಹದಿನಾರು ವರ್ಷ ನಿಮಗೆ ಮೋಸ ಮಾಡಿದೆ."

"ಬಿಡಿ ಅಳಿಯಂದ್ರೇ," ಎಂದರು ಶಿವಯೋಗಪ್ಪನವರು ದನಿ ತಗ್ಗಿಸಿ. "ಅವತ್ತು ನಿಮ್ಮ ಮುಖ ನೋಡಿದಾಗಲೇ ತಿಳೀತು. ಆದ್ರೆ ಅವತ್ತು ನಾನೂ ಒಂದು ಮಾತು ಹೇಳಿದ್ದೆ. ನಮ್ಮ ಹುಡುಗಿ ಬಾಯಲ್ಲಿ ಬೆರಳಿಟ್ರೂ ಕಚ್ಚಲ್ಲ ಅಂತ. ಹದಿನಾರು ವರ್ಷ ನೀವೇನಾದ್ರೂ ಕೇಳಿದ್ರಾ?"

ಮಲ್ಲೇಶ ಹೆಂಡತಿಯ ಕಡೆ ನೋಡಿದ. ಪೂಜಿತಾ ಕಲಿಸಿದಂತೆ ಬಾಯಿ ಮುಚ್ಚಿಕೊಂಡ.

ಹೊಸಮನೆಯ ಶಿಬಿರದಲ್ಲಿ ಈಜು ಕಲಿಸಲು ನಿಜವಾದ ಈಜುಗಾರನೊಬ್ಬ ಸಿಕ್ಕಿದ. ಆದರೆ ಷರತ್ತು ಷರತ್ತೇ. ಮುನ್ನೂರು ರೂಪಾಯಿಯ ದರ ಉಳಿಯಬೇಕಾದರೆ ಮನೆಯಿಂದ ಒಬ್ಬರು, ಕಲಿಸಲು ಬಾರದಿದ್ದರೆ ಬೇರೆ ಕೆಲಸಕ್ಕಾದರೂ, ದುಡಿಯಲೇಬೇಕು. ಬಸವರಾಜೇಶ್ವರಿ ಮತ್ತೆ ಅರ್ಜಿ ತುಂಬಿದಳು, ಈ ಸಲ ಗಂಡನ ಕಣ್ಣೆದುರಿಗೇ. ಅಂಗಡಿಯಲ್ಲಿ ಅವಳು ಕೂತಳು. (ವ್ಯಾಪಾರ ಜಾಸ್ತಿಯೇ ಆಯಿತು.) ಮೇ ಒಂದರಿಂದ ಹದಿನೈದು ದಿನ ಮಲ್ಲೇಶ ಪಂಚೆ ಎತ್ತಿ ಕಟ್ಟಿ, ಸಭಾಭವನದ ಹಿಂದಿನ ನಲ್ಲಿಯ ಕೆಳಗೆ ಕೂತು, ಮಕ್ಕಳು ಉಂಡ ತಟ್ಟೆ ತೊಳೆದ.

ಮೂರನೆಯ ದಿನ ಮಧ್ಯಾಹ್ನ ಅವನ ಬೆನ್ನ ಹಿಂದೆ ಗುಸುಗುಸು ಕೇಳಿಸಿತು. ತಿರುಗಿ ನೋಡಿದರೆ, ಕೂದಲಿಂದ ನೀರು ತೊಟ್ಟಿಕ್ಕಿಸುತ್ತ ಅಕ್ಷರಾ ನಿಂತಿದ್ದಳು, ಸುತ್ತ ಎಂಟು ಹತ್ತು ಗೆಳತಿಯರು.

"ನೋಡ್ರೇ," ಎನ್ನುತ್ತಿದ್ದಳು ಹೆಮ್ಮೆಯಿಂದ, "ನಮ್ಮಪ್ಪ ಒಂದೇ ಸಲಕ್ಕೆ ಅರವತ್ತು ತಟ್ಟೆ ತೊಳೀತಾರೆ. ಸುಳ್ಳಲ್ಲ, ಬೇಕಿದ್ರೆ ಎಣಿಸ್ಕೊಳ್ಳಿ."