ಗೋಡೆಗೆ ಡಿಕ್ಕಿ ಹೊಡೆಯುವ ಕೆಲಸ

ನಿನಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆಂದರೆ ಆ ದಿನ ನನಗೊಂದು ಗ್ರಹಚಾರ ಕಾದಿದೆ ಎಂದೇ ಅರ್ಥ. ಮಣಿಪಾಲದಲ್ಲಿ ವಿಡಿಯೋ ಗೇಮ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಟೆಸ್ಟರ್. ಗೇಮ್ ಜನರ ಕೈಗೆ ಹೋಗುವ ಮೊದಲು ಅದನ್ನು ಆಡಿ, ಎಲ್ಲೆಲ್ಲಿ ಎಂತೆಂತ ಕೆಟ್ಟಿದೆ ಎಂದು ಹುಡುಕಿ ಬರೆದುಕೊಡಬೇಕು. ಇಷ್ಟು ಹೇಳಿದರೆ ಸಾಕು, ಎದುರಿನವರ ಮುಖ ಅರಳುತ್ತದೆ. ಆಟ ಆಡಿದರೆ ಸಂಬಳವಾ ಎನ್ನುತ್ತಾರೆ. ಬಸ್ಸಿನಲ್ಲಿ ಕೇಳಿದ್ದಾರೆ, ಚರ್ಚಿನ ಅಂಗಳದಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರರು ನನ್ನ ಬಾಯಿಯೊಳಗೆ ಕೈ ಇಟ್ಟುಕೊಂಡೇ ಕೇಳಿದ್ದಾರೆ. ಆ ಒಂದು ಸಲ ಮಾತ್ರ ನನಗೆ ಉತ್ತರ ಕೊಡುವ ಕಷ್ಟ ಬರಲಿಲ್ಲ.

ಒಂದೇ ಬಾಗಿಲನ್ನು ಬೆಳಗ್ಗೆಯಿಂದ ಸಂಜೆಯವರೆಗೆ ತೆರೆದು ಮುಚ್ಚುವುದು ಆಟವಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಯಾರೂ ನಂಬುವುದಿಲ್ಲ. ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದೇನೆ. ಬಿಟ್ಟರೂ ಪ್ರಸಂಗಗಳು ನನ್ನನ್ನು ಬಿಡುತ್ತಿಲ್ಲ.

ಬಾಗಿಲು ಇಲ್ಲಿ ಉಂಟು

ಒಂದು ಮಳೆಗಾಲದಲ್ಲಿ ಕೆಲವು ದಿನ ಅಲೆವೂರಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಆಗ ಕೈಯಲ್ಲಿದ್ದದ್ದು ಒಂದು ಕೋಟೆಯ ಗೇಮ್. ಕೋಟೆಯ ಪ್ರತಿಯೊಂದು ಗೋಡೆಗೂ ನಾಯಕನನ್ನು ಡಿಕ್ಕಿ ಹೊಡೆಸಿ ನೋಡುವುದು ನನ್ನ ಪಾಲಿಗೆ ಬಂದಿತ್ತು. ಎದುರಿನಿಂದ ಹೊಡೆಸಬೇಕು, ಹಿಂದೆ ಹಿಂದೆ ನಡೆಸಿ ಹೊಡೆಸಬೇಕು, ಹಾರಿಸಿ ಹೊಡೆಸಬೇಕು. ಎಲ್ಲಿಯಾದರೂ ಒಂದು ಸಂದಿ ಉಳಿದಿದ್ದರೆ ಅವನು ಗೋಡೆಯೊಳಗೆ ನುಗ್ಗಿ ಪಾತಾಳಕ್ಕೆ ಬೀಳುತ್ತಾನೆ. ಹಾಗೆ ಬಿದ್ದರೆ ನನಗೆ ಸಂತೋಷ. ಆದರೆ ಹೆಚ್ಚಿನ ದಿನ ಅವನು ಬೀಳುವುದಿಲ್ಲ.

ನಮ್ಮ ಮನೆಯೆದುರಿನ ಸಿಟೌಟಿಗೆ ಪೇಪರ್ ಓದಲು ಪಕ್ಕದ ಮನೆಯ ರಿಟೈರ್ಡ್ ಬ್ಯಾಂಕ್ ಮ್ಯಾನೇಜರರು ಬರುವ ಕ್ರಮ ಉಂಟು. ನಾನು ಅಲ್ಲಿಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿರುತ್ತಿದ್ದೆ. ಮೊದಲ ದಿನ ಅವರು ಪೇಪರಿನ ಮೇಲಿನಿಂದ ನೋಡಿದರು. ಮರುದಿನ ಪೇಪರ್ ಕೆಳಗಿಟ್ಟು ನೋಡಿದರು. ಅದರ ಮರುದಿನ ತಡೆಯಲಾಗದೆ ಎದ್ದು ಬಂದು, ನನ್ನ ಹೆಗಲ ಮೇಲಿನಿಂದ ಕೈ ಚಾಚಿ ಸ್ಕ್ರೀನಿನ ಮೇಲೆ ಬೆರಳಿಟ್ಟರು.

"ಮಗಾ, ಬಾಗಿಲು ಇಲ್ಲಿ ಉಂಟು."

ಗೊತ್ತುಂಟು ಅಂಕಲ್, ಆದರೆ ನನ್ನ ಕೆಲಸ ಗೋಡೆಗೆ ಹೊಡೆಸುವುದು ಎಂದೆ. ಅವರು ಪೇಪರ್ ಮಡಚಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ, ಮಮ್ಮಿಗೆ ತಗ್ಗಿದ ಸ್ವರದಲ್ಲಿ ಹೇಳುವುದು ನನಗೂ ಕೇಳಿಸಿತು.

"ಮೊದಲು ಮಗಳ ಕಣ್ಣು ತೋರಿಸಿ ಬಾಯಮ್ಮ. ಕಣ್ಣಿನದ್ದೇ ಆಗಿದ್ದರೆ ನಮ್ಮ ಪುಣ್ಯ."

ಸಾಯದ ಮುದುಕಿ

ಅದೇ ಕೋಟೆಯಲ್ಲಿ ಒಬ್ಬಳು ಮಾಟಗಾತಿ ಮುದುಕಿ ಇದ್ದಳು. ಅವಳನ್ನು ಕೊಂದರೆ ಮುಂದಿನ ಹೆಬ್ಬಾಗಿಲು ತೆರೆಯಬೇಕು. ಅವಳು ಸಾಯುತ್ತಿರಲಿಲ್ಲ. ಬರೆದು ಕಳುಹಿಸಿದರೆ ನಮ್ಮ ಪ್ರೋಗ್ರಾಮರ್ ಯಾವಾಗಿನ ಉತ್ತರವನ್ನೇ ಕೊಟ್ಟ: "ನನ್ನ ಕಂಪ್ಯೂಟರಿನಾಗ ಸಾಯ್ತಾಳ." ಅವನು ಹುಬ್ಬಳ್ಳಿ ಕಡೆಯವನು. ಅವನ ಕಂಪ್ಯೂಟರಿನಲ್ಲಿ ಇಂದಿನವರೆಗೆ ಎಂತದೂ ಕೆಟ್ಟದ್ದಿಲ್ಲ.

ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಆದರೆ ಅವನಿಗೆ ಫೋನ್ ಮಾಡಿದರೆ ಕನ್ನಡವೇ ಆಗಬೇಕು. ನನ್ನ ಅಜ್ಜಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವರು ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಒರಗಿದ್ದರು. ನಾನು ಬಾಗಿಲು ಮುಚ್ಚದೆ ಮಾತಾಡುತ್ತಿದ್ದೆ.

"ಎಷ್ಟು ಹೊಡೆದರೂ ಮುದುಕಿ ಸಾಯುತ್ತಿಲ್ಲ ಮಾರಾಯ. ಬೆಂಕಿ ಹಚ್ಚಿಯೂ ನೋಡಿದೆ. ಅವಳೊಬ್ಬಳು ಹೋದರೆ ಮಾತ್ರ ನಮಗೆ ದಾರಿ. ನಾಳೆ ಮನೆಗೆ ಬಂದು ನೀನೇ ಕೊಂದು ತೋರಿಸು."

ಸಂಜೆ ತೇರ್ಸ್ ಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರಿದಾಗ ಅಜ್ಜಿ ನನ್ನ ಪಕ್ಕದಲ್ಲಿರಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ನಾನು ತಂದುಕೊಟ್ಟ ಗಂಜಿಯನ್ನು ಮುಟ್ಟಲಿಲ್ಲ, ಮಮ್ಮಿ ಬಡಿಸಿದ ಮೇಲೆಯೇ ಉಂಡರು. ಬೆಳಗ್ಗೆ ನೋಡಿದರೆ ಬ್ಯಾಗು ಕಟ್ಟಿಕೊಂಡು, ಒಳ್ಳೆಯ ಸೀರೆ ಉಟ್ಟು, ಕಾರ್ಕಳದ ಚಿಕ್ಕಪ್ಪನ ಮನೆಗೆ ಹೊರಟು ನಿಂತಿದ್ದರು. ಕಾರಣ ಕೇಳಿದರೆ ಗಾಳಿ ಬದಲಾಗಬೇಕು ಎಂದರಂತೆ.

ಅಲ್ಲಿ ಚಿಕ್ಕಮ್ಮನ ಹತ್ತಿರ ಅತ್ತುಕೊಂಡಾಗ ವಿಷಯ ಹೊರಬಿತ್ತು. ಚಿಕ್ಕಪ್ಪ ನನಗೆ ಫೋನ್ ಮಾಡಿ ಬಹಳ ಗಂಭೀರವಾಗಿ, ಅಜ್ಜಿಯ ಹೆಸರಿನಲ್ಲಿ ಇರುವುದು ಹಿಂದಿನ ತೋಟ ಮಾತ್ರ, ಅದೂ ನನಗೆ ಬರುವುದಿಲ್ಲ ಎಂದರು. ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಕಾರ್ಕಳಕ್ಕೆ ಹೋಗಿ, ಅಜ್ಜಿಯ ಎದುರು ಆ ಮಾಟಗಾತಿಗೆ ಕತ್ತಿಯಲ್ಲಿ ಹೊಡೆದು ತೋರಿಸಬೇಕಾಯಿತು. ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಮುದುಕಿ ಆಗಲೂ ಸಾಯಲಿಲ್ಲ. ಅಜ್ಜಿಯ ಮುಖದಲ್ಲಿ ಮೊದಲ ಸಲ ನಗು ಬಂತು.

"ಗಟ್ಟಿ ಹೆಂಗಸು," ಎಂದರು.

ಹುಡುಗ ನೋಡಲು ಬಂದದ್ದು

ಅಂಬಲಪಾಡಿಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಗಲ್ಫಿನಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದಿದ್ದ. ಗೇಮ್ ಎಂಬ ಶಬ್ದ ಬಾಯಿಯಿಂದ ಬರಬಾರದೆಂದು ಮಮ್ಮಿ ನಮಗೆಲ್ಲ ಮೊದಲೇ ತಾಕೀತು ಮಾಡಿದ್ದರು. ಹುಡುಗನ ತಾಯಿ ಕೇಳಿದಾಗ, ಮಗಳು ಕ್ವಾಲಿಟಿ ಡಿಪಾರ್ಟ್‌ಮೆಂಟಿನಲ್ಲಿದ್ದಾಳೆ ಎಂದು ಕಲಿತ ಪಾಠ ಒಪ್ಪಿಸಿದರು. ಆ ತಾಯಿ ಮೆಚ್ಚುಗೆಯಿಂದ ತಲೆಯಾಡಿಸಿ, ಗೇರುಬೀಜದ ಫ್ಯಾಕ್ಟರಿಯದ್ದಾ ಎಂದು ಕೇಳಿದರು. ಮಮ್ಮಿ ಹೌದು ಎನ್ನುವವರಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಪಪ್ಪ, ಅಲ್ಲ, ವಿಡಿಯೋ ಗೇಮಿನದ್ದು ಎಂದುಬಿಟ್ಟರು.

ತಾಯಿ ಕೈಯಲ್ಲಿದ್ದ ಕೇಕಿನ ತುಂಡನ್ನು ತಟ್ಟೆಗೆ ವಾಪಸು ಇಟ್ಟರು. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹುಡುಗ ಮಾತ್ರ ಆಗ ತಲೆ ಎತ್ತಿದ.

ನಮ್ಮಿಬ್ಬರನ್ನು ಮಾತಾಡಲೆಂದು ಹೊರಗೆ ಕಳುಹಿಸಿದರು. ಯಾವ ಗೇಮ್ ಎಂದು ಅವನು ಮೊದಲು ಕೇಳಿದ, ನಾನು ಆಗಲೇ ಹೊರಬಂದಿದ್ದ ಒಂದರ ಹೆಸರು ಹೇಳಿದೆ. ಅವನ ಕಣ್ಣು ಹೊಳೆಯಿತು. ಅದರ ಮೂರನೆಯ ಹಂತದ ತೂಗುಸೇತುವೆಯಲ್ಲಿ ಅವನು ಸಿಕ್ಕಿಬಿದ್ದು ತಿಂಗಳುಗಳೇ ಆಗಿದ್ದವು. ದಾಟುವುದು ಹೇಗೆಂದು ನಾನು ಹೇಳಿಕೊಟ್ಟೆ. ಅವನು ಫೋನ್ ತೆಗೆದು ಅಲ್ಲಿಯೇ ಪ್ರಯತ್ನಿಸಿದ, ಬಿದ್ದ, ಮತ್ತೆ ಪ್ರಯತ್ನಿಸಿದ. ನಾವು ತಲೆಗೆ ತಲೆ ತಾಗಿಸಿ ಕುಳಿತದ್ದನ್ನು ಕಿಟಕಿಯಿಂದ ನೋಡಿದ ಮಮ್ಮಿ, ಒಳಗೆ ಹೋಗಿ ಇನ್ನೊಂದು ಡಬ್ಬಿ ತಿಂಡಿ ತೆಗೆದರಂತೆ.

ಮರುದಿನ ಅವರ ಮನೆಯಿಂದ ಸಂಬಂಧ ಬೇಡ ಎಂದು ಹೇಳಿಕಳುಹಿಸಿದರು. ಆಟ ಆಡುವ ಹುಡುಗಿ ಮನೆ ನೋಡಿಕೊಳ್ಳುವುದು ಹೇಗೆ ಎಂಬುದು ಅವರ ಚಿಂತೆ. ಆದರೆ ಅದೇ ಸಂಜೆ ಹುಡುಗನ ಫೋನ್ ಬಂತು. ಮಮ್ಮಿ ಎದೆಗೆ ಶಿಲುಬೆ ಗುರುತು ಹಾಕಿಕೊಂಡು ಫೋನ್ ನನ್ನ ಕೈಗಿತ್ತರು. ಸೇತುವೆ ದಾಟಿ ಆಯಿತು, ಇನ್ನು ಬೀಗದ ಕೈ ಎಲ್ಲಿ ಸಿಗುತ್ತದೆ ಎಂದು ಅವನು ಕೇಳಿದ. ಮತ್ತೆ ದಿನಾ ಕೇಳಿದ. ಗಲ್ಫಿಗೆ ಹೋದ ಮೇಲೂ ಕೇಳಿದ. ತಾಳ್ಮೆ ಕೆಟ್ಟು, ಇನ್ನು ನನಗೆ ಮಾಡಬೇಡಿ, ಕಂಪನಿಯ ಕಸ್ಟಮರ್ ಕೇರಿಗೆ ಮಾಡಿ ಎಂದು ಆ ನಂಬರ್ ಕೊಟ್ಟೆ.

ಸಣ್ಣ ಕಂಪನಿಯಲ್ಲವೇ, ಅದನ್ನು ಎತ್ತುವವಳೂ ನಾನೇ.

ಕಾಪುವಿನ ಪೆಟ್ಟಿಗೆ

ಫೋನ್ ಹಿಡಿದುಕೊಂಡು ನಿಜವಾದ ಜಾಗಗಳಲ್ಲಿ ನಡೆದು ನಿಧಿ ಹುಡುಕುವ ಒಂದು ಗೇಮನ್ನು ನಮ್ಮವರು ಮಾಡಿದರು. ಕಾಪುವಿನ ಬೀಚಿನಲ್ಲಿ, ಲೈಟ್‌ಹೌಸಿನ ಹತ್ತಿರ, ಒಂದು ಚಿನ್ನದ ಪೆಟ್ಟಿಗೆ ಇಟ್ಟಿದ್ದಾರೆ, ಅದರ ಹತ್ತಿರ ಹೋದರೆ ಫೋನಿನಲ್ಲಿ ಕಾಣುತ್ತದೋ ಇಲ್ಲವೋ ನೋಡಿಕೊಂಡು ಬಾ ಎಂದು ನನ್ನನ್ನು ಕಳುಹಿಸಿದರು. ಆಫೀಸಿನ ಎಸಿಯಲ್ಲಿ ಕುಳಿತವರಿಗೆ ಇದೊಂದು ಪಿಕ್‌ನಿಕ್ ಎನಿಸಿತ್ತು.

ಸುಡುಬಿಸಿಲಿನಲ್ಲಿ ಮರಳಿನ ಮೇಲೆ ಆಚೆ ಹೋದೆ, ಈಚೆ ಬಂದೆ. ಬಾಣದ ಗುರುತು ಪಡುವಣಕ್ಕೇ ತೋರಿಸುತ್ತಿತ್ತು. ಹಾಗೇ ನಡೆದು ನೀರಿನ ಅಂಚಿಗೆ ಬಂದೆ. ಬಾಣ ಇನ್ನೂ ಮುಂದಕ್ಕೆ ಎನ್ನುತ್ತಿತ್ತು. ಯಾರೋ ಮಹಾನುಭಾವರು ಪೆಟ್ಟಿಗೆಯನ್ನು ಸಮುದ್ರದಲ್ಲಿ ಇಟ್ಟಿದ್ದರು. ಎಷ್ಟು ದೂರದಲ್ಲಿ ಎಂದು ಬರೆಯಬೇಕಲ್ಲ ಎಂದು ಚಪ್ಪಲಿ ಬಿಚ್ಚಿಟ್ಟು, ಬ್ಯಾಗನ್ನು ಅದರ ಪಕ್ಕದಲ್ಲಿಟ್ಟು, ಮೊಣಕಾಲಿನ ತನಕ ಇಳಿದು ಸಮುದ್ರವನ್ನೇ ನೋಡುತ್ತಾ ನಿಂತೆ.

ಲೈಫ್‌ಗಾರ್ಡಿನ ಸೀಟಿ ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಬುಟ್ಟಿ ಕೆಳಗಿಟ್ಟು ಓಡಿಬಂದ ಮೀನು ಮಾರುವ ಹೆಂಗಸೊಬ್ಬರು ನನ್ನ ರಟ್ಟೆ ಹಿಡಿದು ದಡಕ್ಕೆ ಎಳೆದು ಕೂರಿಸಿಯಾಗಿತ್ತು. ಅವರ ಕೈಯ ಬಲ ಎಷ್ಟೆಂದರೆ ಗುರುತು ಮರುದಿನವೂ ಇತ್ತು. ಎಂತದೇ ಇರಲಿ ಮಗಾ, ಮನೆಯವರ ಹತ್ತಿರ ಹೇಳಿದರೆ ಪರಿಹಾರ ಉಂಟು ಎಂದು ಬೆನ್ನು ಸವರಿದರು. ಸುತ್ತ ಜನ ಸೇರಿದರು. ನೀವು ತಿಳಿದುಕೊಂಡ ಹಾಗೆ ಅಲ್ಲ, ನೀರಿನಲ್ಲಿ ಒಂದು ಚಿನ್ನದ ಪೆಟ್ಟಿಗೆ ಉಂಟು, ಅದು ನನಗೆ ಮಾತ್ರ ಫೋನಿನಲ್ಲಿ ಕಾಣುತ್ತದೆ, ಅದರ ಹತ್ತಿರ ಹೋಗಬೇಕೆಂದು ಅಪ್ಪಣೆಯಾಗಿದೆ ಎಂದು ವಿವರಿಸಿದೆ. ಹೇಳುತ್ತಾ ಹೋದ ಹಾಗೆ ಆ ಹೆಂಗಸಿನ ಮುಖ ಇನ್ನಷ್ಟು ಸಪ್ಪಗಾಯಿತು. ಯಾರ ಅಪ್ಪಣೆ ಎಂದು ಮೆಲ್ಲಗೆ ಕೇಳಿದರು. ಆಫೀಸಿನವರದ್ದು ಎಂದೆ.

"ಅಂಥ ಆಫೀಸು ಬೇಡ ಮಗಾ," ಎಂದರು.

ನನಗೂ ಅದೇ ಅನಿಸಿತ್ತು. ಅವರು ನನ್ನನ್ನು ಬಸ್ ಹತ್ತಿಸಿ, ಉಡುಪಿಯವರೆಗೆ ಕಣ್ಣಿಡಲು ಕಂಡಕ್ಟರನಿಗೆ ಹೇಳಿಯೇ ವಾಪಸು ಹೋದದ್ದು. ಉಪ್ಪು ಹಿಡಿದ ಬಟ್ಟೆಯಲ್ಲೇ ಆಫೀಸಿಗೆ ಬಂದು, ಪೆಟ್ಟಿಗೆ ಸಮುದ್ರದೊಳಗೆ ಇದೆ, ಆಟಗಾರರ ಜೀವಕ್ಕೆ ಅಪಾಯ ಎಂದು ಕೆಂಪಕ್ಷರದಲ್ಲಿ ಬರೆದು ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಗೇಮ್ ಡಿಸೈನರ್ ಮೇಡಮ್ಮಿನ ಉತ್ತರ ಬಂತು.

"ಸಮುದ್ರದ ಇಳಿತದ ಹೊತ್ತಿಗೆ ಇನ್ನೊಮ್ಮೆ ನೋಡಿ."

ಕೋಣಗಳು ನಿಲ್ಲಲಿಲ್ಲ

ಕೊನೆಯದ್ದು ನಮ್ಮ ಕಂಬಳದ ಗೇಮಿನ ಕತೆ. ಕಾರ್ಕಳದ ಕಡೆ ಕಂಬಳದ ಕೋಣ ಸಾಕಿದ ಒಬ್ಬರು ಯಜಮಾನರಿದ್ದರು. ಅವರ ಜೋಡಿಯ ಹೆಸರನ್ನು ಗೇಮಿನಲ್ಲಿ ಹಾಕಿಕೊಳ್ಳಬೇಕೆಂದು ನಮ್ಮ ಬಾಸಿಗೆ ಆಸೆ. ಆ ಹೆಸರು ಇದ್ದರೆ ಊರಿಡೀ ಗೇಮ್ ಆಡುತ್ತದೆ, ಇಲ್ಲದಿದ್ದರೆ ನಾವು ಬೇರೆ ಕೆಲಸ ಹುಡುಕಬಹುದು ಎಂದು ಅವರು ನಮಗೆಲ್ಲ ಹೇಳಿಯಾಗಿತ್ತು. ಯಜಮಾನರು ಒಪ್ಪಿಗೆ ಕೊಡುವ ಮೊದಲು ಗೇಮ್ ನೋಡುತ್ತೇನೆಂದು ಬಿಳಿ ಪಂಚೆ ಉಟ್ಟು ಆಫೀಸಿಗೇ ಬಂದರು.

ದೊಡ್ಡ ಟಿವಿಗೆ ಗೇಮ್ ಹಾಕಿ, ಆಡುವ ರಿಮೋಟನ್ನು ಅವರ ಕೈಗೆ ಕೊಟ್ಟೆವು. ಅವರ ಜೋಡಿ ಒಂದು ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಕಂಪ್ಯೂಟರಿನ ಜೋಡಿ ಪಕ್ಕದ ಕರೆಯಲ್ಲಿ. ಅವರು ಸೋತರು. ಟಿವಿ ಸ್ವಲ್ಪ ಓರೆಯಾಗಿದೆ ಎಂದು ಅದನ್ನು ನೇರ ಮಾಡಿಸಿದರು. ಮತ್ತೆ ಸೋತರು. ಆಚೆಯ ಜೋಡಿ ಮೊದಲೇ ಹೊರಟಿದೆ ಎಂದು ತಕರಾರು ತೆಗೆದರು. ಇನ್ನೊಮ್ಮೆ ಓಡಿಸಿದರು, ಇನ್ನೊಮ್ಮೆ ಸೋತರು. ರಿಮೋಟನ್ನು ಮೇಜಿನ ಮೇಲಿಟ್ಟು, ತಂದ ಚಹಾವನ್ನು ದೂರ ಸರಿಸಿದರು.

"ಇದು ಸರಿಯಿಲ್ಲ. ನಮ್ಮ ಕೋಣ ಓಡುವುದು ಹೀಗಲ್ಲ."

ಬಾಸ್ ನನ್ನನ್ನು ನೋಡಿದರು. ವೇಗ ಹೆಚ್ಚಿಸಲು ಟೆಸ್ಟರುಗಳಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಬಟನ್ ಉಂಟು. ಅದನ್ನು ಒತ್ತು ಎಂದು ಕಣ್ಣಿನಲ್ಲೇ ಹೇಳಿದರು. ನಾನು ಹಿಂದೆಮುಂದೆ ನೋಡಿದೆ. ಓಟ ಮುಗಿದಲ್ಲಿ ಮಂಜೊಟ್ಟಿ ಎಂಬ ಏರು ಇರುತ್ತದೆ, ಕೋಣಗಳು ಅಲ್ಲಿ ಹತ್ತಿ ನಿಲ್ಲಬೇಕು. ವೇಗ ಹೆಚ್ಚಾದರೆ ಅವು ಅಲ್ಲಿ ನಿಲ್ಲುವುದಿಲ್ಲ ಎಂದು ನಾನು ಯಾವಾಗಲೋ ಬರೆದುಕೊಟ್ಟಿದ್ದೆ. ಅಷ್ಟು ಜೋರಾಗಿ ಯಾವ ಕೋಣ ಓಡ್ತದ ಎಂದು ಕೇಳಿ ಪ್ರೋಗ್ರಾಮರ್ ಅದನ್ನು ಮುಚ್ಚಿಹಾಕಿದ್ದ. ಬಾಸಿನ ಕಿವಿಯಲ್ಲಿ ಇದನ್ನು ಹೇಳಲು ಹೋದರೆ ಅವರು ಮೇಜಿನಡಿಯಲ್ಲಿ ನನ್ನ ಕಾಲು ತುಳಿದರು. ಯಜಮಾನರ ಕೈಕಾಲು ಹಿಡಿದು ಇನ್ನೊಂದು ಓಟಕ್ಕೆ ಒಪ್ಪಿಸಿದರು. ನಾನು ಬಟನ್ ಒತ್ತಿದೆ.

ಕೋಣಗಳು ಹೊರಟದ್ದು ಕಾಣಲೇ ಇಲ್ಲ, ಕೆಸರು ಮಾತ್ರ ಎದ್ದಿತು. ಓಡಿಸುವವನ ಕಾಲು ನೆಲ ಬಿಟ್ಟು, ಅವನು ಹಗ್ಗದ ತುದಿಯಲ್ಲಿ ಬಾವುಟದ ಹಾಗೆ ಅಡ್ಡ ಹಾರುತ್ತಿದ್ದ. ಮಂಜೊಟ್ಟಿ ಬಂತು, ಹೋಯಿತು. ನೋಡಲು ನಿಂತ ಜನರ ಮಧ್ಯದಿಂದ, ತೆಂಗಿನ ಮರಗಳ ತಲೆಯ ಮೇಲಿನಿಂದ ಆ ಜೋಡಿ ಆಕಾಶಕ್ಕೆ ಏರಿತು. ಏರುತ್ತಾ ನಾಯಿಯಷ್ಟಾಯಿತು, ಕಾಗೆಯಷ್ಟಾಯಿತು, ನುಸಿಯಷ್ಟಾಯಿತು. ಕೊನೆಗೆ ಟಿವಿಯಲ್ಲಿ ನೀಲಿ ಬಿಟ್ಟರೆ ಬೇರೆ ಎಂತದೂ ಉಳಿಯಲಿಲ್ಲ.

ಪ್ರೋಗ್ರಾಮರ್ ತನ್ನ ಬೂಟು ನೋಡುತ್ತಿದ್ದ. ಮನೆಯಲ್ಲಿ ಎಂತ ಹೇಳುವುದೆಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಯಜಮಾನರು ನಿಧಾನವಾಗಿ ಎದ್ದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಟಿವಿಯ ಹತ್ತಿರ ಹೋದರು. ಆ ಖಾಲಿ ಆಕಾಶದ ಮೂಲೆಯಲ್ಲಿ ಓಟದ ಸಮಯ ಇನ್ನೂ ಹಾಗೇ ಇತ್ತು. ಅದನ್ನು ಬಗ್ಗಿ ಓದಿದರು. ನಂತರ ನಮ್ಮೆಲ್ಲರ ಕಡೆ ತಿರುಗಿ, ಚಹಾದ ಲೋಟ ಕೈಗೆತ್ತಿಕೊಂಡರು.

"ಹಾಂ," ಎಂದರು. "ನಮ್ಮ ಕೋಣ ಓಡುವುದು ಹೀಗೆ."